ಮಗಳ ಪಾಸ್‌ಪೋರ್ಟ್‌ಗೆ ಏಳೇ ವಾರ ಬಾಕಿ: ಬೆಂಗಳೂರಿನಿಂದ ಮ್ಯೂನಿಕ್‌ಗೆ ವಾಪಸ್

ರಜೆ ಮುಗಿಸಿ ಮ್ಯೂನಿಕ್‌ಗೆ ಹೊರಟಿದ್ದೆವು. ದೇವನಹಳ್ಳಿ ಏರ್‌ಪೋರ್ಟ್‌ನ ಚೆಕ್‌ಇನ್ ಕೌಂಟರ್‌ನಲ್ಲಿ ಮಗಳ ಪಾಸ್‌ಪೋರ್ಟ್ ನೋಡಿದ ಹುಡುಗ, "ಮೇಡಂ, ಏಳು ವಾರ ಮಾತ್ರ ಉಳಿದಿದೆ. ಮೂರು ತಿಂಗಳು ಬೇಕು" ಅಂದ. ನನ್ನ ಎದೆ ಧಸಕ್ಕೆಂದಿತು.

ದೊಡ್ಡವರ ಭಾರತೀಯ ಪಾಸ್‌ಪೋರ್ಟ್‌ಗೆ 10 ವರ್ಷ ಅವಧಿ. ಮಕ್ಕಳದ್ದಕ್ಕೆ ಐದೇ ವರ್ಷ. ಅವಳು ಹುಟ್ಟಿದ ಹೊಸದರಲ್ಲಿ ಮಾಡಿಸಿದ್ದು, ನಮ್ಮದರ ಜೊತೆ ಲೆಕ್ಕ ಹಾಕಿ ಸುಮ್ನೆ ಇದ್ದುಬಿಟ್ಟಿದ್ದೆವು.

ಆ ಹುಡುಗ ಹೇಳಿದ ನಿಯಮ ಇರುವುದು ನಿಜ. ಆದರೆ ಅದು ಜರ್ಮನಿಯೂ ಸೇರಿದ ಯುರೋಪಿನ ಷೆಂಗೆನ್ ದೇಶಗಳಿಗೆ 90 ದಿನದೊಳಗಿನ ಭೇಟಿಗೆ ಹೋಗುವವರಿಗೆ. ಅವರ ಪಾಸ್‌ಪೋರ್ಟ್, ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಜರ್ಮನಿಯ ನಿವಾಸ ಪರವಾನಗಿ ಕಾರ್ಡ್ ಇಟ್ಟುಕೊಂಡು ಮನೆಗೆ ಮರಳುವವರಿಗೆ ಈ ಮೂರು ತಿಂಗಳ ಷರತ್ತು ಇಲ್ಲ. ಪ್ರಯಾಣದ ದಿನ ಪಾಸ್‌ಪೋರ್ಟೂ ಕಾರ್ಡೂ ಎರಡೂ ಚಾಲ್ತಿಯಲ್ಲಿದ್ದರೆ ಸಾಕು.

ನಾನು ಜಗಳಕ್ಕೆ ಹೋಗಲಿಲ್ಲ. ಮಗಳ ಕಾರ್ಡ್ ಮುಂದಿಟ್ಟು, "ಟಿಮ್ಯಾಟಿಕ್‌ನಲ್ಲಿ ಇವಳು ಜರ್ಮನಿಯ ನಿವಾಸಿ ಅಂತ ಹಾಕಿ ನೋಡ್ತೀರಾ?" ಅಂದೆ. ವಿಮಾನ ಕಂಪನಿಗಳು ದಾಖಲೆ ನಿಯಮ ನೋಡುವುದು ಅದರಲ್ಲೇ. ಮೇಲಿನವರು ಬಂದು ನೋಡಿದರು, ಬೋರ್ಡಿಂಗ್ ಪಾಸ್ ಕೈಗೆ ಬಂತು. ನಿಮಗೂ ಹೀಗಾದರೆ ಇದೇ ಮಾತು ಕೇಳಿ. ಕೌಂಟರ್‌ಗೆ ಸ್ವಲ್ಪ ಬೇಗ ಹೋಗಿ.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಬೇರೆ ವಿಷಯ. ಜರ್ಮನಿಯಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ಇರುವಷ್ಟು ದಿನಕ್ಕೇ ಕಾರ್ಡ್ ಕೊಡುತ್ತಾರೆ. ಮಗಳ ಕಾರ್ಡೂ ಅದೇ ದಿನ ಮುಗಿಯುವುದಿತ್ತು. ಅಪ್ಪ "ಇನ್ನೆರಡು ತಿಂಗಳು ಇದ್ದು ಹೋಗಿ" ಅಂದಿದ್ದರು. ಹಾಗೆ ಇದ್ದಿದ್ದರೆ ಎರಡೂ ಇಲ್ಲೇ ಮುಗಿದುಹೋಗಿ, ಹೊಸ ಪಾಸ್‌ಪೋರ್ಟ್ ಮಾಡಿಸಿ, ಜರ್ಮನ್ ಕಾನ್ಸುಲೇಟ್‌ನಲ್ಲಿ ಮತ್ತೆ ವೀಸಾ ಕೇಳಬೇಕಾಗುತ್ತಿತ್ತು. ಪುಟ್ಟ ಮಗುವಿನ ಜೊತೆ ಆ ಅಲೆದಾಟ ಯಾರಿಗೂ ಬೇಡ.

ಅದಕ್ಕೇ ಟಿಕೆಟ್ ಬುಕ್ ಮಾಡುವ ಮೊದಲು ಮನೆಯವರೆಲ್ಲರ ಎರಡೆರಡು ತಾರೀಕು ನೋಡಿ. ಮುಗಿಯಲು ವರ್ಷದೊಳಗೆ ಇದ್ದರೆ ಜರ್ಮನಿಯಲ್ಲಿರುವ ಭಾರತದ ಕಾನ್ಸುಲೇಟ್‌ನಲ್ಲೇ ಪಾಸ್‌ಪೋರ್ಟ್ ನವೀಕರಿಸಿಕೊಳ್ಳಿ. ಹೊಸದು ಬಂದ ಮೇಲೆ ಹಳೆಯದನ್ನು ಎಸೆಯಬೇಡಿ. ಕಾರ್ಡ್ ಬದಲಾಗುವವರೆಗೆ ಎರಡನ್ನೂ ಜೊತೆಗೇ ಒಯ್ಯಿರಿ, ಕಾರ್ಡ್ ಜೊತೆ ಕೊಟ್ಟ ಹಸಿರು ಹಾಳೆಯನ್ನೂ.

ಕಾರ್ಡ್ ನವೀಕರಣಕ್ಕೆ ಅದು ಮುಗಿಯುವ ಮೊದಲೇ ಅರ್ಜಿ ಹಾಕಿ. ತೀರ್ಮಾನ ಬರುವವರೆಗೆ 'ಫಿಕ್ಷನ್ಸ್‌ಬೆಶೈನಿಗುಂಗ್' ಎಂಬ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಊರಿಗೆ ಬರುವ ಯೋಚನೆ ಇದ್ದರೆ, ಅದರಲ್ಲಿ ಜರ್ಮನಿಯ ನಿವಾಸ ಕಾಯ್ದೆಯ ಕಲಂ 81ರ ಉಪಕಲಂ 4ಕ್ಕೆ ಗುರುತು ಹಾಕಿದ್ದಾರಾ ನೋಡಿ. ಉಪಕಲಂ 3ರ ಪತ್ರ ಇಟ್ಟುಕೊಂಡು ಜರ್ಮನಿ ಬಿಟ್ಟರೆ ಅದರ ಮೇಲೆ ವಾಪಸ್ ಬರಲಾಗದು.