ತಳಾವಲಿಯ ಸಾಂತಾನ ಇಗರ್ಜಿ: ಬಿಳಿ ಗಾರೆ, ಕೆಂಪು ಕಲ್ಲು

ಊರಿಂದ ನೆಂಟರು ಬಂದರೆ ಗೋವಾದಲ್ಲಿರುವ ಕನ್ನಡಿಗರು ಹಳೇ ಗೋವಾ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಕಟ್ಟಡ ನೋಡುವ ಆಸಕ್ತಿ ಇದ್ದರೆ ಅದೇ ತಿಸವಾಡಿ ತಾಲೂಕಿನ ತಳಾವಲಿಗೂ ಹೋಗಿ. ಅಲ್ಲಿನ ಸಾಂತಾನ ಇಗರ್ಜಿಯನ್ನು, ಅಂದರೆ ಸಂತ ಅನ್ನಮ್ಮನ ಚರ್ಚನ್ನು, 1681ರಲ್ಲಿ ಶುರು ಮಾಡಿ 1695ರಲ್ಲಿ ಮುಗಿಸಿದರು. ಮುಂಭಾಗ ಐದು ಅಂತಸ್ತು, ಅಕ್ಕಪಕ್ಕ ಎರಡು ಗೋಪುರ. ಹಳ್ಳಿಯೊಂದಕ್ಕೆ ಇಷ್ಟು ದೊಡ್ಡದೇಕೆ ಅನ್ನಿಸುವುದು ಸಹಜ. ಹಳೇ ಗೋವಾದ ಸಂತ ಅಗಸ್ಟೀನರ ಇಗರ್ಜಿಯ ಮುಂಭಾಗ 1931ರಲ್ಲಿ ಕುಸಿದು ಈಗ 46 ಮೀಟರಿನ ಮುರುಕು ಗೋಪುರವಷ್ಟೇ ನಿಂತಿದೆ. ಅದು ಇಡಿಯಾಗಿ ಹೇಗಿದ್ದಿರಬಹುದು ಎಂಬ ಅಂದಾಜು ಸಿಗುವುದು ಇಲ್ಲಿ.

ಗೋಡೆಯೆಲ್ಲ ಕರಾವಳಿಯವರಿಗೆ ಗೊತ್ತಿರುವ ಕೆಂಪುಕಲ್ಲು, ಅಂದರೆ ಮುರಕಲ್ಲು. ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ. ಮೇಲಿನ ಸುಣ್ಣದ ಗಾರೆಯೇ ಅದಕ್ಕೆ ಕೊಡೆ, ಚಂದಕ್ಕೆ ಬಳಿದದ್ದಲ್ಲ. 1950ರ ದಶಕದಲ್ಲಿ ಹಳೇ ಗೋವಾದ ಬೊಂ ಜೀಸಸ್ ಬಸಿಲಿಕ ಎಂಬ ಇಗರ್ಜಿಯ ಹೊರಗಾರೆ ಕಿತ್ತು ಕಲ್ಲನ್ನು ಬೋಳು ಬಿಟ್ಟರು. ಇಂದು ಅದರ ಕೆಂಪು ನೋಡಿ ಜನ ಮೆಚ್ಚುತ್ತಾರೆ, ಕಲ್ಲು ಮಾತ್ರ ಮಳೆಗೆ ಸವೆಯುತ್ತಲೇ ಇದೆ.

ಅದಕ್ಕಿಂತ ಕೆಟ್ಟದ್ದು ಸಿಮೆಂಟಿನ ತೇಪೆ. ಬಿರುಕಿನಿಂದ ಒಳಹೊಕ್ಕ ನೀರು ಸುಣ್ಣದ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಉಪ್ಪು ಹರಳುಗಟ್ಟಿ ಕಲ್ಲಿನ ಮೈ ಪುಡಿಯಾಗುತ್ತದೆ, ಗಾರೆ ಹಲಗೆಯ ಹಾಗೆ ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ ಪೇಂಟ್ ಬಳಿದರೂ ಇದೇ ಗತಿ. ಬೆರಳ ಗಣ್ಣಿನಿಂದ ತಟ್ಟಿ ನೋಡಿ: ಡಬಡಬ ಅಂದರೆ ಗಾರೆ ಕಲ್ಲನ್ನು ಬಿಟ್ಟಿದೆ.

ಸರಿಯಾದ ರಿಪೇರಿಗೆ ಆತುರ ಸಲ್ಲದು. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ವಾರಗಟ್ಟಲೆ ನೆನೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಪ್ಪಿಲ್ಲದ ಮರಳು. ಸಮುದ್ರದ ಮರಳು ಬೇಡವೇ ಬೇಡ. ಕಲ್ಲನ್ನು ಒದ್ದೆ ಮಾಡಿಕೊಂಡು ಒಂದೊಂದು ಪದರ ಸುಮಾರು 10 ಮಿ.ಮೀ. ಮೆತ್ತಿ, ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಬೇಕು. ಬಿಸಿಲಿಗೆ ಬಿಟ್ಟರೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಕೆಲಸ ಮಳೆ ನಿಂತ ಮೇಲೆಯೇ. ಕಾರ್ನಿಸ್, ಅಂದರೆ ಗೋಡೆಯಿಂದ ಹೊರಚಾಚಿದ ಅಂಚುಪಟ್ಟಿಯ ಸಂದಿಯಲ್ಲಿ ಅರಳಿ ಸಸಿ ಇದ್ದರೆ ಕತ್ತರಿಸಿ ಸುಮ್ಮನಾಗಬೇಡಿ. ಬೇರು ಉಳಿದರೆ ಮತ್ತೆ ಚಿಗುರಿ ಗೋಡೆ ಸೀಳುತ್ತದೆ.

ಇಗರ್ಜಿಯ ಒಳಗೆ ಗೋಡೆಗೂಡುಗಳ ತಲೆಯ ಮೇಲಿನ ಚಿಪ್ಪಿನಾಕಾರದ ಅಲಂಕಾರ ಬಿಟ್ಟುಬರಬೇಡಿ. ಜುಲೈಯಲ್ಲಿ ಸಂತ ಅನ್ನಮ್ಮನ ಹಬ್ಬ. ಮಕ್ಕಳಾಗಲೆಂದು ದಂಪತಿಗಳು ಸೌತೆಕಾಯಿ ಅರ್ಪಿಸುತ್ತಾರೆ. ಜನ ಜಾಸ್ತಿ, ಆದರೆ ಕಟ್ಟಡದ ತಪಾಸಣೆಗೂ ಅದೇ ಹೊತ್ತು: ಯಾವ ಕಾರ್ನಿಸ್ ನೀರನ್ನು ಆಚೆ ಎಸೆಯುತ್ತಿದೆ, ಯಾವುದು ಗೋಡೆಗೇ ಇಳಿಸುತ್ತಿದೆ ಎಂಬುದು ಜಡಿಮಳೆಯಲ್ಲಿ ಕಣ್ಣಿಗೇ ಕಾಣುತ್ತದೆ.