ಹನ್ನೊಂದನೆಯ ಪುಟದ ಕೋಷ್ಟಕ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಒಂದು ಕ್ಲಬ್ಬಿನಲ್ಲಿ ನಾನು ಹಲವು ವರ್ಷಗಳಿಂದ ಆಟಗಾರರ ಪಟ್ಟಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿನವರು ‘ಫುಟಿ’ ಎಂದು ಕರೆಯುವ ಈ ಆಟವನ್ನು ಅಂಡಾಕಾರದ ಮೈದಾನದಲ್ಲಿ, ಅಂಡಾಕಾರದ ಚೆಂಡಿನಿಂದ, ಒಂದು ಕಡೆಗೆ 18 ಜನರಂತೆ ಆಡುತ್ತಾರೆ. ಮಾರ್ಚಿನಲ್ಲಿ ಆರಂಭವಾಗುವ ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನಡೆಯುವ ಗ್ರ್ಯಾಂಡ್ ಫೈನಲ್‌ನೊಂದಿಗೆ ಮುಗಿಯುತ್ತದೆ. ಜನರ ಪಾಲಿಗೆ ಆಟ ಮುಗಿದ ಆ ದಿನದಿಂದಲೇ ನಮ್ಮ ವಿಭಾಗದ ಕೆಲಸ ಬಿರುಸಾಗುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಯಾರನ್ನು ಬೇರೆ ಕ್ಲಬ್ಬಿಗೆ ಕೊಟ್ಟು ಬದಲಿಗೆ ಏನನ್ನು ಪಡೆಯಬೇಕು ಎಂಬುದೆಲ್ಲ ಮುಂದಿನ ಕೆಲವು ವಾರಗಳಲ್ಲಿ ತೀರ್ಮಾನವಾಗಬೇಕು.

ಹೊರಗಿನವರಿಗೆ ಮೊದಲು ಹೇಳಬೇಕಾದ ಸಂಗತಿಯೆಂದರೆ, ಇಲ್ಲಿ ಹಣ ಕೊಟ್ಟು ಆಟಗಾರನನ್ನು ಕೊಳ್ಳುವಂತಿಲ್ಲ. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳಂತೆ ವರ್ಗಾವಣೆ ಶುಲ್ಕವಿಲ್ಲ, ನಮ್ಮ ಐಪಿಎಲ್‌ನಂತೆ ಹರಾಜೂ ಇಲ್ಲ. ಆಟಗಾರನಿಗೆ ಬದಲಾಗಿ ಇನ್ನೊಬ್ಬ ಆಟಗಾರನನ್ನು, ಇಲ್ಲವೇ ನವೆಂಬರಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನಗಿರುವ ಸರದಿಯನ್ನು, ಅಂದರೆ ‘ಪಿಕ್’ ಅನ್ನು ಕೊಡಬೇಕು. ಎಲ್ಲ ಕ್ಲಬ್ಬುಗಳಿಗೂ ವರ್ಷದ ಒಟ್ಟು ಸಂಬಳಕ್ಕೆ ಒಂದೇ ಮಿತಿಯಿದೆ. ಆ ಮಿತಿಯ ಕನಿಷ್ಠ ಶೇಕಡಾ 95ರಷ್ಟನ್ನು ಪ್ರತಿ ಕ್ಲಬ್ಬೂ ಖರ್ಚು ಮಾಡಲೇಬೇಕಾದ್ದರಿಂದ ಹೆಚ್ಚಿನವರೆಲ್ಲ ಛಾವಣಿಗೆ ತಲೆ ತಾಗಿಸಿಕೊಂಡೇ ನಿಂತಿರುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಒಪ್ಪಂದದಲ್ಲಿರುವ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳುಹಿಸುವಂತಿಲ್ಲ ಎಂಬ ನಿಯಮ. ಈ ಲೀಗಿನಲ್ಲಿ ನನಗೆ ಬಹಳ ಗೌರವವಿರುವ ನಿಯಮ ಇದು.

ಮಿತಿಯೊಳಗೆ ಹೆಚ್ಚು ಜನ ಒಳ್ಳೆಯ ಆಟಗಾರರನ್ನು ಹಿಡಿದಿಟ್ಟುಕೊಳ್ಳಲು ಕ್ಲಬ್ಬುಗಳು ಬಳಸುವ ಒಂದು ದಾರಿ, ಸಂಬಳವನ್ನು ಒಪ್ಪಂದದ ಕೊನೆಯ ವರ್ಷಗಳಿಗೆ ತಳ್ಳುವುದು. ಉದಾಹರಣೆಗೆ, ನಾಲ್ಕು ವರ್ಷಕ್ಕೆ ಒಟ್ಟು 24 ಲಕ್ಷ ಡಾಲರ್ ಎಂದು ಮಾತಾದಾಗ, ವರ್ಷಕ್ಕೆ ಆರು ಲಕ್ಷದಂತೆ ಕೊಡುವ ಬದಲು ಮೊದಲ ವರ್ಷ ನಾಲ್ಕು, ಎರಡನೆಯ ವರ್ಷ ಐದು, ಮೂರನೆಯ ವರ್ಷ ಆರು, ಕೊನೆಯ ವರ್ಷ ಒಂಬತ್ತು ಲಕ್ಷ ಎಂದು ಬರೆದುಕೊಳ್ಳುತ್ತಾರೆ. ಆಟಗಾರನಿಗೆ ನಷ್ಟವಿಲ್ಲ, ಕ್ಲಬ್ಬಿಗೆ ಈ ವರ್ಷ ಎರಡು ಲಕ್ಷ ಉಳಿಯುತ್ತದೆ, ಆ ಎರಡು ಲಕ್ಷದಲ್ಲಿ ಇನ್ನೊಬ್ಬನನ್ನು ಸೇರಿಸಿಕೊಳ್ಳಬಹುದು. ಒಂದು ಒಪ್ಪಂದವನ್ನಷ್ಟೇ ನೋಡಿದರೆ ಇದರಲ್ಲಿ ದೋಷವಿಲ್ಲ. ಐದಾರು ಒಪ್ಪಂದಗಳನ್ನು ಹೀಗೆಯೇ ಬರೆದು, ಅವುಗಳ ಭಾರವಾದ ವರ್ಷಗಳೆಲ್ಲ ಒಂದೇ ವರ್ಷದಲ್ಲಿ ಕೂಡಿಬಂದಾಗ ತೊಂದರೆ ಎದುರಾಗುತ್ತದೆ.

ನಮ್ಮಲ್ಲಿ ಆದದ್ದು ಅದೇ. ತಂಡ ಚೆನ್ನಾಗಿ ಆಡುತ್ತಿತ್ತು, ಕಪ್ಪು ಕೈಗೆಟಕುವಷ್ಟು ಹತ್ತಿರದಲ್ಲಿದೆ ಎಂದು ಎಲ್ಲರೂ ನಂಬಿದ್ದೆವು, ಎರಡು ವರ್ಷಗಳಲ್ಲಿ ಐದು ಪ್ರಮುಖ ಒಪ್ಪಂದಗಳಿಗೆ ಸಹಿಯಾದವು. ಸೀಸನ್ ಕೊನೆಯಲ್ಲಿ ಸಮಿತಿಗೆ ಕೊಡುವ ವರದಿಯನ್ನು ಸಿದ್ಧಪಡಿಸುವಾಗ ಈ ಐದು ಒಪ್ಪಂದಗಳ ಅಂಕಿಗಳನ್ನು ಉಳಿದ ಒಪ್ಪಂದಗಳ ಜೊತೆ ವರ್ಷವಾರು ಕೂಡಿಸಿ ನೋಡಿದೆ. ಎರಡು ವರ್ಷ ಕಳೆದ ಮೇಲೆ ಬರುವ ಒಂದು ಸೀಸನ್ನಿಗೆ, ಹತ್ತು ಆಟಗಾರರ ಒಪ್ಪಂದ ನವೀಕರಣಕ್ಕೆ ಇನ್ನೂ ಒಂದು ಡಾಲರನ್ನೂ ತೆಗೆದಿಡದಿರುವಾಗಲೇ, ಮಿತಿಯ ಬಹುಪಾಲು ಮುಗಿದುಹೋಗಿತ್ತು. ಲೆಕ್ಕವನ್ನು ಮೂರು ಸಲ ಪರಿಶೀಲಿಸಿ, ಕೋಷ್ಟಕವೊಂದನ್ನು ಮಾಡಿ, ‘ಬದ್ಧ ವೆಚ್ಚದ ವರ್ಷವಾರು ಹಂಚಿಕೆ’ ಎಂಬ ತಲೆಬರಹ ಕೊಟ್ಟು, ಮೂವತ್ತು ಪುಟಗಳ ವರದಿಯ ಹನ್ನೊಂದನೆಯ ಪುಟದಲ್ಲಿ ಇಟ್ಟೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಆ ಸೀಸನ್ನಿನಲ್ಲಿ ‘ಹೊಂದಾಣಿಕೆ ಅಗತ್ಯವಾಗಬಹುದು’ ಎಂದು ಒಂದು ವಾಕ್ಯ ಬರೆದಿದ್ದೆ.

ಆ ದಿನಗಳಲ್ಲಿ ಸಭೆಯಲ್ಲಿ ಎಲ್ಲರೂ ಬಿಚ್ಚಿ ನೋಡುತ್ತಿದ್ದುದು ಡ್ರಾಫ್ಟ್ ಅಂಕಗಳ ಪುಟವನ್ನು. 2015ರಲ್ಲಿ ಲೀಗು ಪ್ರತಿ ಪಿಕ್‌ಗೂ ಅಂಕ ನಿಗದಿ ಮಾಡಿತು. ಮೊದಲ ಪಿಕ್‌ಗೆ 3000 ಅಂಕ, ಅಲ್ಲಿಂದ ಕೆಳಗೆ ಇಳಿಕೆ. ತಂದೆ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಗನನ್ನು ಪಡೆಯುವ ಮೊದಲ ಹಕ್ಕು ಆ ಕ್ಲಬ್ಬಿಗೇ ಇರುತ್ತದೆ, ಆದರೆ ಬೇರೆಯವರು ಅವನ ಹೆಸರು ಕೂಗಿದ ಪಿಕ್‌ಗೆ ಸರಿಯಾದ ಅಂಕಗಳನ್ನು ಕಟ್ಟಬೇಕು. 2021ರಲ್ಲಿ ನಿಕ್ ಡೈಕಾಸ್ ಹೆಸರನ್ನು ಗೋಲ್ಡ್ ಕೋಸ್ಟ್ ನಾಲ್ಕನೆಯ ಪಿಕ್‌ನಲ್ಲಿ ಕೂಗಿದಾಗ, ಅವರ ತಂದೆ ಪೀಟರ್ 250 ಪಂದ್ಯ ಆಡಿದ್ದ ಕಾಲಿಂಗ್‌ವುಡ್ ಕ್ಲಬ್ಬು ಆ ಪಿಕ್‌ನ 2034 ಅಂಕಗಳಲ್ಲಿ ಶೇಕಡಾ 20 ರಿಯಾಯಿತಿ ಕಳೆದು ಉಳಿದದ್ದನ್ನು ತನ್ನ ಕೆಳಗಿನ ಪಿಕ್‌ಗಳಿಂದ ತುಂಬಿಕೊಟ್ಟು ಅವರನ್ನು ಪಡೆಯಿತು. ಇಂಥ ಲೆಕ್ಕಗಳಲ್ಲಿ ಜಾಣತನವಿದೆ, ಉತ್ಸಾಹವಿದೆ, ಹೊಗಳಿಕೆಯೂ ಸಿಗುತ್ತದೆ. ಸಾಲದ ಪಟ್ಟಿಯಂತಿರುವ ಸಂಬಳದ ಕೋಷ್ಟಕದಲ್ಲಿ ಅದಾವುದೂ ಇಲ್ಲ. ಸಭೆಯ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಜೊತೆಗೆ, ಅಂಕಿಗಳನ್ನು ಸರಿಯಾಗಿ ಬರೆದಿಟ್ಟ ಮೇಲೆ ನನ್ನ ಹೊಣೆ ಮುಗಿಯಿತು, ಓದುವುದು ಅವರ ಹೊಣೆ ಎಂದೂ ಅಂದುಕೊಂಡಿದ್ದೆ. ಸಭೆಯಲ್ಲಿ ಹನ್ನೊಂದನೆಯ ಪುಟವನ್ನು ಯಾರೂ ತೆರೆಯಲಿಲ್ಲ. ನಾನೂ ತೆರೆಯಿರಿ ಎನ್ನಲಿಲ್ಲ.

ಎರಡು ವರ್ಷಗಳ ನಂತರ ಆ ಸೀಸನ್ ಬಂತು. ಪಟ್ಟಿಯ ಸುಮಾರು ನಲವತ್ತೆರಡು ಜಾಗಗಳಲ್ಲಿ ಎಂಟು ಹತ್ತನ್ನು ಕನಿಷ್ಠ ಸಂಬಳದ ಹುಡುಗರಿಂದ ತುಂಬಬಹುದು ಎಂದು ಕೆಲವರು ಸಮಾಧಾನ ಹೇಳಿದರು. ಅದಕ್ಕೆ ಮಾರ್ಲಿಯನ್ ಪಿಕೆಟ್ ಅವರ ಉದಾಹರಣೆಯನ್ನೂ ಕೊಟ್ಟರು: 27ನೆಯ ವಯಸ್ಸಿನಲ್ಲಿ, 2019ರ ಸೀಸನ್ ನಡುವಿನ ಡ್ರಾಫ್ಟ್‌ನಲ್ಲಿ ರಿಚ್‌ಮಂಡ್ ಸೇರಿ, ಅದೇ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲೇ ತಮ್ಮ ಮೊದಲ ಪಂದ್ಯ ಆಡಿ ಗೆದ್ದವರು ಅವರು. ನಾನು ಆ ದಿನ ಟಿ.ವಿ. ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಆದರೆ ಅಂಥವರು ಸಿಕ್ಕೇ ಸಿಗುತ್ತಾರೆಂದು ನಂಬಿಕೊಂಡು ಹತ್ತು ಜಾಗಗಳ ಬಜೆಟ್ ಮಾಡಲಾಗದು. ಕೊನೆಗೆ ಒಪ್ಪಂದ ಮುಗಿಯದ ಒಬ್ಬರನ್ನು ಕಳುಹಿಸಲೇಬೇಕಾಯಿತು.

ಯಾರನ್ನು ಕಳುಹಿಸಬೇಕೆಂಬ ಪ್ರಶ್ನೆಗೆ ಲೆಕ್ಕ ಕೊಡುವ ಉತ್ತರ ಬಹಳ ಕ್ರೂರವಾದದ್ದು. ಚೆನ್ನಾಗಿ ಆಡದವನನ್ನು ಕಳುಹಿಸಲಾಗದು, ಏಕೆಂದರೆ ಅವನನ್ನು ಬೇರೆಯವರು ಕೇಳುವುದಿಲ್ಲ. ಅಗ್ಗದ ಸಂಬಳದವನನ್ನು ಕಳುಹಿಸಿದರೆ ಉಳಿತಾಯವಿಲ್ಲ. ಹೀಗಾಗಿ, ಚೆನ್ನಾಗಿ ಆಡುವವನು, ಬೇರೆ ಕ್ಲಬ್ಬಿಗೂ ಬೇಕಾದವನು, ನಮ್ಮ ಮಾತು ನಂಬಿ ಸಂಬಳದ ದೊಡ್ಡ ಪಾಲನ್ನು ಮುಂದಿನ ವರ್ಷಗಳಿಗೆ ಬಿಟ್ಟುಕೊಟ್ಟವನು ಯಾರೋ ಅವನ ಹೆಸರೇ ಮೇಲೆ ಬರುತ್ತದೆ. ಬಂದ ಹೆಸರು ನಮ್ಮ ಹಿಂಬದಿಯಲ್ಲಿ ಆಡುತ್ತಿದ್ದ, ಕಿರಿಯರೆಲ್ಲ ಅಣ್ಣನಂತೆ ನೋಡುತ್ತಿದ್ದ ಒಬ್ಬ ಆಟಗಾರನದು.

ಸೀಸನ್ ಮುಗಿದ ಮೇಲೆ ಪ್ರತಿ ಆಟಗಾರನೊಂದಿಗೆ ಕ್ಲಬ್ಬು ಮುಖಾಮುಖಿ ಮಾತುಕತೆ ನಡೆಸುತ್ತದೆ. ಅಂಕಿಗಳು ಬೇಕಾಗಬಹುದೆಂದು ನನ್ನನ್ನೂ ಆ ಕೋಣೆಯಲ್ಲಿ ಕೂರಿಸಿದ್ದರು. ಆಟಗಾರರ ಪಟ್ಟಿಯ ಹೊಣೆ ಹೊತ್ತ ಲಿಸ್ಟ್ ಮ್ಯಾನೇಜರ್ ವಿಷಯವನ್ನು ಸುತ್ತಿ ಬಳಸದೆ ಹೇಳಿದರು. ಆಟಗಾರ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಈ ವರ್ಷ ಎಲ್ಲಿ ತಪ್ಪು ಮಾಡಿದೆ ಎಂದು ಕೇಳಿದ. ಅವನು ಎಲ್ಲಿಯೂ ತಪ್ಪು ಮಾಡಿರಲಿಲ್ಲ, ಅದನ್ನೇ ಅವನಿಗೆ ಹೇಳಲಾಯಿತು, ಆದರೆ ಆ ಉತ್ತರದಿಂದ ಅವನಿಗೆ ಸಮಾಧಾನವಾಗುವುದು ಸಾಧ್ಯವಿರಲಿಲ್ಲ. ಅವನ ಹೆಂಡತಿ ಆಗಷ್ಟೇ ಹೊಸ ಕೆಲಸ ಹಿಡಿದಿದ್ದರು, ಮಗು ಚಿಕ್ಕದು, ಕೇಳುತ್ತಿದ್ದ ಕ್ಲಬ್ಬು ಬೇರೆ ರಾಜ್ಯದ್ದು. ಈ ಯಾವ ಸಂಗತಿಗೂ ನನ್ನ ಕೋಷ್ಟಕದಲ್ಲಿ ಅಂಕಣವಿರಲಿಲ್ಲ.

ಅವನು ಆಗುವುದಿಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೆ ನಿಯಮದ ಪ್ರಕಾರ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೇಡವೆಂದು ಮುಖಕ್ಕೇ ಹೇಳಿದ ಮನೆಯಲ್ಲಿ ಎಷ್ಟು ದಿನ ಇರಲಾಗುತ್ತದೆ? ಅವನ ಏಜೆಂಟ್ ಎರಡು ವಾರ ಓಡಾಡಿದರು. ಆ ಅಕ್ಟೋಬರಿನಲ್ಲಿ, ಕ್ಲಬ್ಬುಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ ಟ್ರೇಡ್ ಅವಧಿಯ ಕೊನೆಯ ದಿನ, ಸಂಜೆ ಏಳೂವರೆಯ ಗಡುವಿಗೆ ಸ್ವಲ್ಪ ಮೊದಲು, ಎರಡೂ ಕ್ಲಬ್ಬುಗಳ ಕಾಗದಪತ್ರ ಲೀಗಿಗೆ ಸಲ್ಲಿಕೆಯಾಯಿತು. ನಮಗೆ ಸಿಕ್ಕಿದ್ದು ಡ್ರಾಫ್ಟ್‌ನ ಮೂರನೆಯ ಸುತ್ತಿನ, ಅಂದರೆ ಬಹಳ ಕೆಳಗಿನ ಸರದಿಯ ಒಂದು ಪಿಕ್. ಮೇಲಾಗಿ, ಉಳಿದ ವರ್ಷಗಳಿಗೂ ಅವನ ಸಂಬಳದ ಒಂದು ಭಾಗವನ್ನು ನಾವೇ ಕೊಡಬೇಕೆಂದು ಒಪ್ಪಂದವಾಯಿತು. ನಮ್ಮ ಜೆರ್ಸಿ ತೊಡದ ಆಟಗಾರನ ಹೆಸರು ಪ್ರತಿ ತಿಂಗಳು ನನ್ನ ಸಂಬಳದ ಹಾಳೆಯಲ್ಲಿ ಕಾಣಿಸುತ್ತಿತ್ತು.

ಇಂಥದ್ದು ದೊಡ್ಡ ಪ್ರಮಾಣದಲ್ಲಿ, ಎಲ್ಲರ ಕಣ್ಣೆದುರಿಗೆ ನಡೆದದ್ದು 2020ರ ನವೆಂಬರಿನಲ್ಲಿ, ಕಾಲಿಂಗ್‌ವುಡ್‌ನಲ್ಲಿ. ನಾನಿರುವ ಕ್ಲಬ್ಬು ಅದಲ್ಲ, ಆದರೆ ಆ ವಾರದ ಸುದ್ದಿಯನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಓದಿದ್ದೆವು. 2018ರ ಗ್ರ್ಯಾಂಡ್ ಫೈನಲ್ ಆಡಿದ್ದ ತಂಡ, ಸಂಬಳ ಮಿತಿಯ ಒತ್ತಡದಲ್ಲಿ, 2025ರವರೆಗೆ ಒಪ್ಪಂದವಿದ್ದ ಆಡಮ್ ಟ್ರೆಲೋರ್ ಅವರನ್ನು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ, ಜೇಡನ್ ಸ್ಟೀಫನ್ಸನ್ ಅವರನ್ನು ನಾರ್ತ್ ಮೆಲ್ಬರ್ನ್‌ಗೆ, ಟಾಮ್ ಫಿಲಿಪ್ಸ್ ಅವರನ್ನು ಹಾಥಾರ್ನ್‌ಗೆ ಒಂದೇ ಟ್ರೇಡ್ ಅವಧಿಯಲ್ಲಿ ಕೊಟ್ಟಿತು. ಟ್ರೆಲೋರ್ ಅವರ ಸಂಬಳದ ಒಂದು ಪಾಲನ್ನು ಮುಂದೆಯೂ ಕಾಲಿಂಗ್‌ವುಡ್‌ನವರೇ ಹೊತ್ತುಕೊಂಡರು. ಮರುವರ್ಷ ಟ್ರೆಲೋರ್ ಬುಲ್‌ಡಾಗ್ಸ್ ಪರವಾಗಿ ಗ್ರ್ಯಾಂಡ್ ಫೈನಲ್ ಆಡಿದರು, ಕಾಲಿಂಗ್‌ವುಡ್ 17ನೆಯ ಸ್ಥಾನಕ್ಕೆ ಕುಸಿಯಿತು. 2023ರಲ್ಲಿ ಅದೇ ಕ್ಲಬ್ಬು ಬ್ರಿಸ್ಬೇನ್ ತಂಡವನ್ನು ನಾಲ್ಕು ಅಂಕಗಳಿಂದ ಸೋಲಿಸಿ ಕಪ್ಪು ಗೆದ್ದಿತು. ಕೊನೆಯ ಫಲಿತಾಂಶವನ್ನು ನೋಡಿ, ಕಳುಹಿಸಿದ್ದೇ ಸರಿಯಾಯಿತು ಎನ್ನುವವರಿದ್ದಾರೆ. ಪಟ್ಟಿಯ ದೃಷ್ಟಿಯಿಂದ ಆ ಮಾತಿನಲ್ಲಿ ಹುರುಳಿರಬಹುದು. ಆದರೆ ಗಡುವಿನ ಕೊನೆಯ ದಿನಗಳಲ್ಲಿ, ಎಲ್ಲರಿಗೂ ನಮ್ಮ ಇಕ್ಕಟ್ಟು ಗೊತ್ತಾದ ಮೇಲೆ ಮಾಡುವ ವ್ಯವಹಾರದಲ್ಲಿ ನ್ಯಾಯವಾದ ಬೆಲೆ ಸಿಗುವುದಿಲ್ಲ ಎಂಬುದನ್ನು ನಾನು ಕೋಣೆಯೊಳಗೆ ಕೂತು ಕಂಡಿದ್ದೇನೆ.

ಹಾಗೆಂದು ದೀರ್ಘ ಒಪ್ಪಂದಗಳನ್ನೇ ದೂರುವುದು ಸರಿಯಲ್ಲ. 2013ರಲ್ಲಿ ಸಿಡ್ನಿ ಕ್ಲಬ್ಬು ಲ್ಯಾನ್ಸ್ ಫ್ರಾಂಕ್ಲಿನ್ ಅವರಿಗೆ ಸುಮಾರು ಒಂದು ಕೋಟಿ ಡಾಲರಿನ ಒಂಬತ್ತು ವರ್ಷಗಳ ಒಪ್ಪಂದ ಕೊಟ್ಟಾಗ ಅದನ್ನು ಹುಚ್ಚು ಸಾಹಸ ಎಂದವರೇ ಹೆಚ್ಚು. ಅವರು ಒಂಬತ್ತನ್ನೂ ಪೂರೈಸಿ ಮೇಲೊಂದು ವರ್ಷ ಆಡಿದರು. 2022ರ ಮಾರ್ಚಿನಲ್ಲಿ ತಮ್ಮ ಸಾವಿರದ ಗೋಲು ಹೊಡೆದಾಗ ಸಿಡ್ನಿ ಕ್ರಿಕೆಟ್ ಮೈದಾನಕ್ಕೆ ಸಾವಿರಾರು ಜನ ಇಳಿದು ಓಡಿದರು. ಅವರಿದ್ದ ವರ್ಷಗಳಲ್ಲಿ ಸಿಡ್ನಿಗೆ ಕಪ್ಪು ದಕ್ಕಲಿಲ್ಲ, ಮೂರು ಗ್ರ್ಯಾಂಡ್ ಫೈನಲ್‌ಗಳನ್ನು ಸೋತಿತು. ಆದರೂ ಒಂಬತ್ತನೆಯ ವರ್ಷದ ಹೊರೆಯನ್ನು ಮೊದಲ ದಿನವೇ ಬಲ್ಲವರು ಮಾಡಿದ ಒಪ್ಪಂದವದು ಎಂದು ನಾನು ಭಾವಿಸುತ್ತೇನೆ.

ಆ ಅಕ್ಟೋಬರ್ ಕಳೆದ ಮೇಲೆ ಒಂದು ಭಾನುವಾರ ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷ ಕಾರ್ಯದರ್ಶಿಯಾಗಿದ್ದವರು. ಫುಟಿಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ, ಆದರೆ ಹನ್ನೊಂದನೆಯ ಪುಟದ ವಿಷಯ ತಕ್ಷಣ ಅರ್ಥವಾಯಿತು. “ಸುಸ್ತಿ ಸಾಲದ ಪಟ್ಟಿಯನ್ನು ಮಹಾಸಭೆಯಲ್ಲಿ ನಾನು ಮೊದಲೇ ಓದಿಬಿಡುತ್ತಿದ್ದೆ ಕಣೇ. ಲಾಭಾಂಶದ ಸುದ್ದಿ ಕೇಳಿ ಕಾಫಿ ತಿಂಡಿಗೆ ಎದ್ದ ಮೇಲೆ ಓದಿದರೆ ಯಾರ ಕಿವಿಗೆ ಬೀಳುತ್ತೆ? ನೀನು ಬರೆದಿದ್ದೆ ಅಂತೀಯ. ಓದಿದ್ದೆಯಾ?” ಎಂದು ಕೇಳಿದರು. ನಾನು ಓದಿರಲಿಲ್ಲ.

ಅದರ ಮರುವರ್ಷದಿಂದ ವರದಿಯ ಮೊದಲ ಪುಟದಲ್ಲಿ ಬೇರೇನೂ ಇಲ್ಲದೆ ಆ ಕೋಷ್ಟಕ ಒಂದೇ ಇರುತ್ತದೆ. ಮುಂದಿನ ನಾಲ್ಕು ಸೀಸನ್ನುಗಳಿಗೆ ಈಗಾಗಲೇ ಕೊಟ್ಟಿರುವ ಮಾತು ಎಷ್ಟು, ಮಿತಿಯಲ್ಲಿ ಉಳಿದಿರುವುದು ಎಷ್ಟು, ಆ ಉಳಿಕೆಯಲ್ಲಿ ತುಂಬಬೇಕಾದ ಜಾಗಗಳು ಎಷ್ಟು. ತಲೆಬರಹವನ್ನು ‘ಮುಂದೆ ಕೊಡಬೇಕಾದ ಸಂಬಳ’ ಎಂದು ಬದಲಿಸಿದ್ದೇನೆ. ಕೋಷ್ಟಕದ ಕೆಳಗೆ, ಈ ಒಪ್ಪಂದಕ್ಕೆ ಇಂದು ಸಹಿ ಮಾಡಿದರೆ ಮೂರನೆಯ ವರ್ಷ ಯಾವ ಇಬ್ಬರು ಮೂವರ ಜಾಗ ಅಲುಗಾಡುತ್ತದೆ ಎಂದು ಹೆಸರು ಹಿಡಿದು ಬರೆಯುತ್ತೇನೆ. ಸಭೆ ಆರಂಭವಾದೊಡನೆ ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದುತ್ತೇನೆ. ಮೊದಲ ಸಲ ಹಾಗೆ ಓದಿದಾಗ ಧ್ವನಿ ನಡುಗುತ್ತಿತ್ತು.

ಆ ವರ್ಷ ನಾವು ಬಹಳ ದಿನದಿಂದ ಬಯಸಿದ್ದ ಒಬ್ಬ ಮಿಡ್‌ಫೀಲ್ಡರ್ ಫ್ರೀ ಏಜೆಂಟ್ ಆಗಿದ್ದ. ಎಂಟು ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿ, ಒಪ್ಪಂದ ಮುಗಿಸಿಕೊಂಡು, ಪಿಕ್ ಯಾವುದನ್ನೂ ಕೊಡದೆಯೇ ನಮಗೆ ಸಿಗಬಹುದಾಗಿದ್ದವನು. ಐದು ವರ್ಷದ ಒಪ್ಪಂದ, ಭಾರವೆಲ್ಲ ಕೊನೆಯ ಎರಡು ವರ್ಷಕ್ಕೆ. ಮೊದಲ ಪುಟವನ್ನು ಓದಿ ಮುಗಿಸಿದಾಗ ತರಬೇತುದಾರರಿಗೆ ಬೇಸರವಾಯಿತು. ತಂಡ ಕಟ್ಟುವುದು ಲೆಕ್ಕದವರ ಕೆಲಸವೇ ಎಂದು ಕೇಳಿದರು, ಆ ಪ್ರಶ್ನೆ ಅಸಹಜವೂ ಅಲ್ಲ. ಎರಡು ಗಂಟೆಗಳ ಚರ್ಚೆಯಾಯಿತು. ಭಾರವನ್ನು ಐದೂ ವರ್ಷಗಳಿಗೆ ಸಮವಾಗಿ ಹಂಚಿ ಹೊಸ ಪ್ರಸ್ತಾವವನ್ನು ಬರೆದುಕೊಟ್ಟೆ, ಆದರೆ ಹಾಗೆ ಹಂಚಿದಾಗ ಮೊದಲ ವರ್ಷ ನಮ್ಮಲ್ಲಿ ಅಷ್ಟು ಜಾಗವೇ ಇರಲಿಲ್ಲ. ಅವನು ಬೇರೆ ಕ್ಲಬ್ಬಿಗೆ ಹೋದ, ಅಲ್ಲಿ ಬಹಳ ಚೆನ್ನಾಗಿ ಆಡುತ್ತಿದ್ದಾನೆ, ನಮ್ಮ ಎದುರು ಆಡಿದ ಮೊದಲ ಪಂದ್ಯದಲ್ಲಿ ಅವನದೇ ಮೇಲುಗೈ. ಆ ರಾತ್ರಿ ಮೈದಾನದಿಂದ ಕಾರಿನವರೆಗೆ ತರಬೇತುದಾರರೂ ನಾನೂ ಜೊತೆಯಲ್ಲೇ ನಡೆದುಹೋದೆವು, ಅವರು ಆ ವಿಷಯ ಎತ್ತಲಿಲ್ಲ. ಆ ಅಕ್ಟೋಬರಿನಲ್ಲಿ ಮಾತುಕತೆಯ ಕೋಣೆಗೆ ನನ್ನನ್ನು ಕರೆಯಬೇಕಾದ ಪ್ರಸಂಗ ಬರಲಿಲ್ಲ. ಒಪ್ಪಂದ ಮುಗಿಯದ ಯಾರನ್ನೂ ನಾವು ಹೋಗೆಂದು ಕೇಳಲಿಲ್ಲ.