ಹುರಿಯುವ ಹೊತ್ತಿಗೆ ಫೋನು ಬೇರೆ ಕೋಣೆಯಲ್ಲಿ

ಶೇಂಗಾ ಚಟ್ನಿಪುಡಿ ಮಾರಲು ಅಂಗಡಿ ಬೇಕಿಲ್ಲ. ದಪ್ಪ ತಳದ ಬಾಣಲೆ, ಮಿಕ್ಸರ್, ತೂಕದ ಯಂತ್ರ, ಸೀಲಿಂಗ್ ಯಂತ್ರ, ಒಂದು ಫೋನು ಇದ್ದರೆ ಆಯಿತು. ಆರ್ಡರ್ ತರುವುದೂ ಆ ಫೋನೇ, ಕೈಯ ಕೆಲಸ ಕೆಡಿಸುವುದೂ ಅದೇ. ಹಾಗಾಗಿ ಬುಧವಾರ, ಅಂದರೆ ಪುಡಿ ಮಾಡುವ ದಿನ, ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಅದು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ವಾಟ್ಸಾಪ್ ಬಿಸಿನೆಸ್‌ನ ‘ಅವೇ ಮೆಸೇಜ್‌’ನಲ್ಲಿ, ಅಂದರೆ ನಾವು ಫೋನಿನ ಬಳಿ ಇಲ್ಲದಾಗ ತಾನಾಗಿ ಹೋಗುವ ಉತ್ತರದಲ್ಲಿ, ಇಷ್ಟೇ ಇರುತ್ತದೆ: “ಇವತ್ತು ಪುಡಿ ಮಾಡುತ್ತಿದ್ದೇವೆ, 2 ಗಂಟೆಗೆ ಉತ್ತರ ಕೊಡುತ್ತೇವೆ.” ಗಂಟೆ ಹೇಳಿದರೆ ಜನ ಕಾಯುತ್ತಾರೆ. ಸುಮ್ಮನಿದ್ದರೆ ಮತ್ತೆ ಮತ್ತೆ ಕರೆ ಮಾಡುತ್ತಾರೆ.

5 ಕೆಜಿ ಶೇಂಗಾ ಒಂದೇ ಸಲಕ್ಕೆ ಹುರಿಯುವಂಥದ್ದಲ್ಲ. ಒಂದೊಂದೇ ಕೆಜಿ, ಸಣ್ಣ ಉರಿ, ಕೈಯಾಡಿಸುತ್ತಲೇ ಇರಬೇಕು. ಉರಿ ಜೋರಾದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಬೇಳೆ ಹಸಿಯಾಗೇ ಉಳಿಯುತ್ತದೆ. ಅಂಥ ಪುಡಿ ಬೇಗ ಕಮಟುತ್ತದೆ. ಬ್ಯಾಡಗಿ ಮೆಣಸಿನಕಾಯಿ ಇನ್ನೂ ನಾಜೂಕು. ಪುಡಿಗೆ ಕೆಂಪು ಕೊಡುವುದು ಅದೇ, ಆದರೆ ಕಾದ ಬಾಣಲೆಯಲ್ಲಿ ಅರ್ಧ ನಿಮಿಷ ಹೆಚ್ಚಾದರೂ ಕಂದಿ ಕಹಿಯಾಗುತ್ತದೆ. “ರೇಟ್ ಎಷ್ಟು?” ಎಂಬ ಒಂದು ಮೆಸೇಜಿಗೆ ಉತ್ತರ ಟೈಪ್ ಮಾಡಲು ಹಿಡಿಯುವುದೂ ಅಷ್ಟೇ ಹೊತ್ತು. ಆ ಕಹಿಯನ್ನು ಹುಣಸೆ, ಬೆಲ್ಲ ಯಾವುದೂ ಮುಚ್ಚುವುದಿಲ್ಲ.

ಮಿಕ್ಸರನ್ನು ಒಂದೇ ಸಮ ತಿರುಗಿಸಿದರೆ ಬಿಸಿಗೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನಾಲ್ಕೈದು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಬೇಕು. ಪುಡಿಯನ್ನು ಅಗಲ ತಟ್ಟೆಗೆ ಹರವಿ ಪೂರ್ತಿ ಆರಲು ಬಿಡಬೇಕು. ಬೆಚ್ಚಗಿರುವಾಗಲೇ ಸೀಲ್ ಮಾಡಿದರೆ ಕವರಿನೊಳಗೆ ಬೆವರು ಕಟ್ಟುತ್ತದೆ, ಆಮೇಲೆ ಬೂಸು.

ಗಮನ ನಿಜವಾಗಿ ಜಾರುವುದು ಪುಡಿ ಆರುವ ಈ ಹೊತ್ತಿನಲ್ಲಿ. ಕೈ ಖಾಲಿ. ಲೋಗೊ ಬದಲಿಸೋಣ, ಬೇರೆಯವರ ರೀಲ್ಸ್ ನೋಡಿ ಬರೋಣ ಅನ್ನಿಸುತ್ತದೆ, ಅದೂ ವ್ಯಾಪಾರದ ಕೆಲಸವೇ ಅನ್ನಿಸಿಬಿಡುತ್ತದೆ. ಆ ಹೊತ್ತನ್ನು ಲೇಬಲ್ಲಿಗೆ ಮೀಸಲಿಡುವುದು ಒಳ್ಳೆಯದು: ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಎಂಆರ್‌ಪಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ. ಈ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಇಡೀ ಹಾಳೆ ಮತ್ತೆ ಪ್ರಿಂಟ್ ಮಾಡಿಸಬೇಕು, ಬಾಯಿಬಿಟ್ಟು ಓದುತ್ತಾ ನೋಡಿ.

2 ಗಂಟೆಗೆ ಫೋನು. ಮೊದಲು ದುಡ್ಡು ಬಂದ ಆರ್ಡರ್, ಆಮೇಲೆ ವಿಚಾರಣೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಪಾವತಿಗೆ ಸಾಕ್ಷಿಯಲ್ಲ, ಅದನ್ನು ತಿದ್ದಬಹುದು. ಬ್ಯಾಂಕ್ ಆ್ಯಪ್ ತೆರೆದು ಯುಪಿಐನ 12 ಅಂಕಿಯ ರೆಫರೆನ್ಸ್ ಸಂಖ್ಯೆ ತಾಳೆ ನೋಡಿ, ಕೊನೆಯ ನಾಲ್ಕಂಕಿಯನ್ನು ಪಿನ್‌ಕೋಡ್ ಜೊತೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

“ಉಪ್ಪಿನಕಾಯಿ ಮಾಡ್ತೀರಾ?”, “ಅಗಸೆ ಚಟ್ನಿ ಇದೆಯಾ?”, “ಪುಣೆಗೆ ಕಳಿಸ್ತೀರಾ?” ಕೇಳುವವರೆಲ್ಲ ಪ್ರೀತಿಯಿಂದಲೇ ಕೇಳುತ್ತಾರೆ, ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಉಪ್ಪಿನಕಾಯಿ ಎಂದರೆ ಎಣ್ಣೆ ಸೋರದ ಬಾಟಲಿ, ಬೇರೆ ಲೇಬಲ್, ಬೇರೆ ಬಾಕ್ಸ್. ಪುಣೆ ಎಂದರೆ ಹೊರರಾಜ್ಯದ ಮಾರಾಟ, ವಹಿವಾಟು ಸಣ್ಣದಾದರೂ ಇಂಥ ಸರಕಿಗೆ ಜಿಎಸ್‌ಟಿ ನೋಂದಣಿ ಬೇಕು. ಇವೆಲ್ಲ ಪುಸ್ತಕದ ಹಿಂದಿನ ಪುಟಕ್ಕೆ ಹೋಗುತ್ತವೆ, ತಿಂಗಳ ಕೊನೆಗೆ ಒಮ್ಮೆ ಆ ಪುಟ ತೆರೆದು ಕೂತರೆ ಸಾಕು. ಬುಧವಾರ ಮಧ್ಯಾಹ್ನ ಯಾವುದಕ್ಕೂ “ಹೂಂ” ಅನ್ನಬಾರದು.

ಒಂದೇ ಸರಕನ್ನು ಹಿಡಿದು ಕೂತರೆ ಕಣ್ಣಿಗೆ ಬೀಳುವ ಸಂಗತಿಗಳೇ ಬೇರೆ. 250 ಗ್ರಾಮಿನ ಎರಡು ಪ್ಯಾಕೆಟ್ ಎಂದರೆ ಪುಡಿಯೇ 500 ಗ್ರಾಂ, ಬಾಕ್ಸ್ ಸೇರಿದರೆ ಕೊರಿಯರಿನ ಅರ್ಧ ಕೆಜಿ ಮಿತಿ ದಾಟಿ ಮುಂದಿನ ದರ ಬೀಳುತ್ತದೆ. ಪ್ಯಾಕೆಟ್ 200 ಗ್ರಾಮಿನದಾದರೆ ಎರಡಕ್ಕೆ 400, ಬಾಕ್ಸು ಟೇಪು ಸೇರಿಯೂ ಮಿತಿಯೊಳಗೇ. ಬಾಕ್ಸಿನ ಅಳತೆಯೂ ಮುಖ್ಯ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರದ ಸೆಂಟಿಮೀಟರ್ ಗುಣಿಸಿ 5000ದಿಂದ ಭಾಗಿಸುತ್ತವೆ. 20×15×10 ಬಾಕ್ಸ್ 0.6 ಕೆಜಿ ಲೆಕ್ಕಕ್ಕೆ ಬರುತ್ತದೆ, ಒಳಗೆ ಎಷ್ಟೇ ಹಗುರವಿದ್ದರೂ. 18×12×8 ಆದರೆ 0.35 ಕೆಜಿಯೊಳಗೇ.

ಸಂಜೆ ಐದರ ಹೊತ್ತಿಗೆ ಬಾಕ್ಸುಗಳು ಗೋಡೆಗೆ ಒರಗಿರುತ್ತವೆ. ಟೇಪ್ ಹಚ್ಚಿದ ಮೇಲೆ ಒಂದೊಂದನ್ನೂ ಮತ್ತೆ ತೂಕಕ್ಕಿಡಬೇಕು. 460, 464, 461. ಒಂದು 262 ತೋರಿಸಿದರೆ ಒಳಗೆ ಒಂದೇ ಪ್ಯಾಕೆಟ್ ಬಿದ್ದಿದೆ, ಟೇಪ್ ಕೀಳಬೇಕು.